ಬೀದರಿಗೆ ಬಂದ ಅತಿಥಿ ಒಂದು ರಾತ್ರಿ ಉಳಿಯಲಿ

ಪ್ರವಾಸೋದ್ಯಮದ ವಿಷಯ ಪ್ರಸ್ತಾಪವಾದಾಗಲೆಲ್ಲ ವರ್ತಕರ ಸಭೆಗಳಲ್ಲಿ ಒಂದೇ ಬೇಡಿಕೆ ಕೇಳಿಬರುವುದು ವಾಡಿಕೆ: ಸರ್ಕಾರ ಇನ್ನಷ್ಟು ಪ್ರಚಾರ ನೀಡಬೇಕು, ಇನ್ನಷ್ಟು ಜನ ಬರುವಂತಾಗಬೇಕು. ರಾಜ್ಯದ ಕಿರೀಟವೆಂದು ಕರೆಸಿಕೊಳ್ಳುವ ಬೀದರ್ ನಗರದ ಮಟ್ಟಿಗೆ ಈ ಬೇಡಿಕೆ ಅರ್ಧಸತ್ಯ ಮಾತ್ರ. ಬೀದರಿಗೆ ಜನ ಬರುತ್ತಲೇ ಇದ್ದಾರೆ. ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದಿನಿಂದ ಶನಿವಾರ, ಭಾನುವಾರಗಳಂದು ಸಂಸಾರ ಸಮೇತರಾಗಿ ಬರುವವರಿದ್ದಾರೆ. ಗುರುದ್ವಾರ ನಾನಕ್ ಝೀರಾ ಸಾಹಿಬಿಗೆ ದೂರದ ಪಂಜಾಬಿನಿಂದ ಯಾತ್ರಿಕರು ಬರುತ್ತಾರೆ. ನೀರಿನಲ್ಲಿ ನಡೆದು ದರ್ಶನ ಪಡೆಯಬೇಕಾದ ನರಸಿಂಹ ಝರಣಿಗೆ ಮೂರು ರಾಜ್ಯಗಳ ಭಕ್ತರು ಬರುತ್ತಾರೆ. ಬಂದವರು ಕೋಟೆಯಲ್ಲಿ ಒಂದೆರಡು ಗಂಟೆ ಸುತ್ತಾಡಿ, ಎಲ್ಲಿಯೋ ಒಂದು ಕಡೆ ಊಟ ಮುಗಿಸಿ, ಹೊತ್ತು ಮುಳುಗುವ ಮೊದಲೇ ಬಂದ ದಾರಿಯಲ್ಲಿ ಮರಳುತ್ತಾರೆ ಎಂಬುದೇ ನಮ್ಮ ಚಿಂತೆಗೆ ಕಾರಣವಾಗಬೇಕಾದ ಸಂಗತಿ.

ಆದ್ದರಿಂದ ಎಷ್ಟು ಜನ ಬಂದರು ಎಂಬುದಕ್ಕಿಂತ, ಬಂದವರು ಎಷ್ಟು ಹೊತ್ತು ನಿಂತರು ಎಂಬ ಪ್ರಶ್ನೆಯನ್ನು ವರ್ತಕ ಸಮುದಾಯ ಕೇಳಿಕೊಳ್ಳಬೇಕಾಗಿದೆ. ಬೀದರಿಗೆ ಬಂದ ಅತಿಥಿಯನ್ನು ಒಂದು ರಾತ್ರಿ ಉಳಿಸಿಕೊಳ್ಳುವುದೇ ನಮ್ಮ ಗುರಿಯಾಗಬೇಕು, ಮತ್ತು ಆ ಕೆಲಸದ ಬಹುಭಾಗ ಸರ್ಕಾರದ್ದಲ್ಲ, ನಮ್ಮದೇ ಎಂಬುದು ಈ ಲೇಖನದ ಅಭಿಪ್ರಾಯ.

ವ್ಯಾಪಾರಿಗಳಿಗೆ ಹೊಸದಲ್ಲದ ಊರು

ಬಹಮನಿ ಸುಲ್ತಾನ ಅಹಮದ್ ಷಾ 15ನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ವರ್ಗಾಯಿಸಿದ ಸಂಗತಿಯನ್ನು ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಆದರೆ ಈ ನಗರದ ಕೀರ್ತಿಗೆ ಕಾರಣರಾದವರಲ್ಲಿ ವ್ಯಾಪಾರಿಗಳೂ ಇದ್ದರೆಂಬುದನ್ನು ಮರೆತಿದ್ದೇವೆ. ಪರ್ಷಿಯಾದ ಗೀಲಾನ್ ಪ್ರಾಂತದಿಂದ ಬಂದ ಮಹಮೂದ್ ಗಾವಾನ್ ಈ ನೆಲಕ್ಕೆ ಕಾಲಿಟ್ಟದ್ದು ವರ್ತಕನಾಗಿ. ಮುಂದೆ ಬಹಮನಿ ರಾಜ್ಯದ ಪ್ರಧಾನಿಯಾದ ಆತನಿಗಿದ್ದ ಬಿರುದು ಮಲಿಕ್-ಉತ್-ತುಜ್ಜಾರ್, ಎಂದರೆ ವರ್ತಕರ ಒಡೆಯ. 1472ರ ಹೊತ್ತಿಗೆ ಆತ ಕಟ್ಟಿಸಿದ ಮದರಸಾ ಇಂದಿಗೂ ಹಳೆಯ ಪೇಟೆಯ ನಡುವೆ ನಿಂತಿದೆ. ಖೋಟಾ ಪತ್ರವೊಂದರ ಸಂಚಿಗೆ ಬಲಿಯಾಗಿ 1481ರಲ್ಲಿ ಆತ ಮರಣದಂಡನೆಗೆ ಗುರಿಯಾದ. ಆ ಬಳಿಕ ಬಹಮನಿ ರಾಜ್ಯ ಹೆಚ್ಚು ಕಾಲ ಒಂದಾಗಿ ಉಳಿಯಲಿಲ್ಲ.

ಗಾವಾನನ ಕಾಲದಲ್ಲಿಯೇ ರಷ್ಯಾದ ಟ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಮಾರಾಟಕ್ಕೆಂದು ಕುದುರೆಯೊಂದನ್ನು ತಂದು ಬೀದರಿಗೆ ಬಂದಿದ್ದ. ಆತನ ಪ್ರವಾಸ ಕಥನದಲ್ಲಿ ಬೀದರಿನ ಪೇಟೆಯ ವಿವರವಿದೆ. ಏಳು ಬಾಗಿಲುಗಳ ಅರಮನೆಯ, ಒಳಹೊರಗೆ ಹೋಗುವವರ ಲೆಕ್ಕ ಬರೆಯುವ ಕಾವಲುಗಾರರ ವರ್ಣನೆಯಿದೆ. ಆಳಂದದ ಹತ್ತು ದಿನಗಳ ಜಾತ್ರೆಯ ಕುದುರೆ ವ್ಯಾಪಾರದ ಮಾತೂ ಇದೆ. ನಿಕಿತಿನ್ ಇಲ್ಲಿ ತಿಂಗಳುಗಟ್ಟಲೆ ಉಳಿದ. ಉಳಿದದ್ದರಿಂದಲೇ ಊರನ್ನು ಅರಿತ, ಅರಿತದ್ದರಿಂದಲೇ ಬರೆದ. ಐದೂವರೆ ಶತಮಾನಗಳ ಹಿಂದೆ ಸಾಗರ ದಾಟಿ ಬಂದ ವ್ಯಾಪಾರಿಗೆ ಉಳಿಯಲು ಕಾರಣಗಳಿದ್ದ ಊರಿನಲ್ಲಿ, ಇಂದು ಮೂರು ಗಂಟೆಗಳ ಪ್ರಯಾಣ ಮಾಡಿ ಬಂದವನಿಗೆ ಒಂದು ರಾತ್ರಿ ಉಳಿಯಲು ಕಾರಣವಿಲ್ಲವೆಂದರೆ ಲೋಪ ಎಲ್ಲಿದೆ ಎಂದು ನಾವೇ ಕೇಳಿಕೊಳ್ಳಬೇಕು.

ಅರ್ಧ ದಿನಕ್ಕೆ ಮುಗಿಯದ ನೋಟ

ಲೋಪ ನೋಡತಕ್ಕ ಸ್ಥಳಗಳ ಕೊರತೆಯಲ್ಲಿಲ್ಲ. ಹಳೆಯ ಪೇಟೆಯ ನಾಲ್ಕು ದಾರಿಗಳು ಕೂಡುವಲ್ಲಿ ಚೌಬಾರಾ ಎಂಬ ದುಂಡನೆಯ ಎತ್ತರದ ಗೋಪುರವಿದೆ. ಅಲ್ಲಿಂದ ಕೋಟೆಯತ್ತ ಹೊರಟರೆ ಗಾವಾನನ ಮದರಸಾ, ಅದನ್ನು ದಾಟಿದರೆ ತಖ್ತ್-ಎ-ಕಿರ್ಮಾನಿ, ಮುಂದೆ ಕೋಟೆಯ ಬಾಗಿಲು, ಹೀಗೆ ಒಂದೇ ಬೀದಿಯಲ್ಲಿ ಒಂದು ರಾಜಧಾನಿಯ ಚರಿತ್ರೆ ತೆರೆದುಕೊಳ್ಳುತ್ತದೆ. ಮದರಸಾದ ಒಂದು ಭಾಗ 17ನೆಯ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟದಿಂದ ಕುಸಿಯಿತು. ಉಳಿದಿರುವ ಒಂದು ಮಿನಾರಿನ ಮೇಲೆ, ಮುಂಭಾಗದ ಗೋಡೆಯ ಮೇಲೆ ಬಣ್ಣದ ಹೆಂಚುಗಳ ಅಲಂಕಾರ ಇಂದಿಗೂ ಕಾಣುತ್ತದೆ. ಕೋಟೆಯ ಸುತ್ತ ಬಂಡೆಯಲ್ಲಿಯೇ ಕೊರೆದ ಮೂರು ಸಾಲಿನ ಕಂದಕ, ಒಳಗೆ ಹದಿನಾರು ಕಂಬದ ಮಸೀದಿ, ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ರಂಗೀನ್ ಮಹಲು, ಗಗನ್ ಮಹಲು, ತರ್ಕಶ್ ಮಹಲು, ಬುರುಜುಗಳ ಮೇಲಿನ ತೋಪುಗಳು, ಇವನ್ನೆಲ್ಲ ಓಡುತ್ತಾ ನೋಡಿದವನು ನೋಡಿದಂತಾಗುವುದಿಲ್ಲ.

ಊರಿನ ಪೂರ್ವಕ್ಕೆ ಅಷ್ಟೂರಿನಲ್ಲಿ ಬಹಮನಿ ಅರಸರ ಗೋರಿಗಳ ಸಾಲು ಇದೆ. ಅಹಮದ್ ಷಾ ವಲಿಯ ಗೋರಿಯೊಳಗಿನ ಬಣ್ಣದ ಚಿತ್ತಾರಗಳು ದಖ್ಖನಿನ ಕಲೆಯ ಅಪೂರ್ವ ಮಾದರಿಗಳು. ಆತನನ್ನು ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ಆರಾಧಿಸುವ ವಾರ್ಷಿಕ ಜಾತ್ರೆ ಈ ನೆಲದ ಸಹಬಾಳ್ವೆಗೆ ಸಾಕ್ಷಿ. ದಾರಿಯಲ್ಲಿಯೇ ಖಲೀಲುಲ್ಲಾನ ಚೌಖಂಡಿ ಸಿಗುತ್ತದೆ. ಊರಿನ ಪಶ್ಚಿಮಕ್ಕೆ ಬರೀದ್ ಷಾಹಿಗಳ ಗೋರಿಗಳ ಉದ್ಯಾನ. ಅಲ್ಲಿ ನಾಲ್ಕು ಬದಿಗೂ ಗಾಳಿಗೆ ತೆರೆದಿರುವ ಅಲಿ ಬರೀದನ ಸಮಾಧಿಯನ್ನು ಸಂಜೆಯ ಬೆಳಕಿನಲ್ಲಿ ನೋಡಬೇಕು. ನೌಬಾದಿನ ಬಳಿ ಜಂಬಿಟ್ಟಿಗೆಯ ಪದರದ ಕೆಳಗೆ ಸುರಂಗ ಕೊರೆದು ನೀರು ಹರಿಸಿದ ಕರೇಜ್ ವ್ಯವಸ್ಥೆಯಿದೆ. ನೆಲದ ಮೇಲೆ ಸಾಲಾಗಿ ಕಾಣುವ ಬಾವಿಗಳು ಅದರ ಉಸಿರುಗಂಡಿಗಳು. ಪರ್ಷಿಯಾದ ತಂತ್ರ ದಖ್ಖನಿನ ನೆಲಕ್ಕೆ ಹೊಂದಿಕೊಂಡ ಬಗೆಯನ್ನು ತೋರುವ ಇಂಥ ಕಾಮಗಾರಿ ನಮ್ಮ ರಾಜ್ಯದಲ್ಲಿ ವಿರಳ.

ದಖ್ಖನ್ ಸುಲ್ತಾನರ ಸ್ಮಾರಕ ಮತ್ತು ಕೋಟೆಗಳೆಂಬ ಹೆಸರಿನಲ್ಲಿ ಕಲಬುರಗಿ, ವಿಜಯಪುರ, ಹೈದರಾಬಾದುಗಳೊಂದಿಗೆ ಬೀದರಿನ ಸ್ಮಾರಕಗಳೂ 2014ರಲ್ಲಿ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಸಾರಿಗೆಯೂ ಮೊದಲಿನಂತಿಲ್ಲ. 110 ಕಿಲೋಮೀಟರಿನ ಬೀದರ್-ಕಲಬುರಗಿ ರೈಲು ಮಾರ್ಗ ದಶಕಗಳ ನಿರೀಕ್ಷೆಯ ನಂತರ 2017ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು. ವಾಯುನೆಲೆಯ ಪಕ್ಕದಲ್ಲಿ ನಾಗರಿಕ ವಿಮಾನ ನಿಲ್ದಾಣ 2020ರಲ್ಲಿ ಉದ್ಘಾಟನೆಯಾಯಿತು. ಬೆಂಗಳೂರಿನ ವಿಮಾನ ಸಂಪರ್ಕ ಅಂದಿನಿಂದ ಒಂದಕ್ಕಿಂತ ಹೆಚ್ಚು ಬಾರಿ ಕಡಿದುಹೋಗಿ ಮತ್ತೆ ಆರಂಭವಾಗಿದೆ. ವಿಮಾನದಲ್ಲಿ ಆಸನಗಳು ತುಂಬದೆ ಹೋದರೆ ಯಾವ ಕಂಪನಿಯೂ ಬಹುಕಾಲ ನಷ್ಟ ಹೊರುವುದಿಲ್ಲ ಎಂಬುದು ವ್ಯಾಪಾರಿಗಳಾದ ನಮಗೆ ವಿವರಿಸಿ ಹೇಳಬೇಕಾದ ಮಾತಲ್ಲ.

ಲೆಕ್ಕದ ಮಾತು

ಒಂದು ಸರಳ ಲೆಕ್ಕವನ್ನು ಉದಾಹರಣೆಗೆಂದು ಊಹಿಸಿಕೊಳ್ಳೋಣ. ನಾಲ್ವರ ಕುಟುಂಬವೊಂದು ಬೆಳಿಗ್ಗೆ ಹತ್ತಕ್ಕೆ ಬಂದು ಸಂಜೆ ನಾಲ್ಕಕ್ಕೆ ಹೊರಡುತ್ತದೆ. ಒಂದು ಊಟ, ಎರಡು ಸಲ ಚಹಾ, ನೀರಿನ ಬಾಟಲಿ, ಮಕ್ಕಳಿಗೊಂದು ಆಟಿಕೆ, ಎಲ್ಲ ಸೇರಿ ಸಾವಿರದ ಇನ್ನೂರು ರೂಪಾಯಿ ಊರಿನಲ್ಲಿ ಉಳಿಯಿತೆಂದಿಟ್ಟುಕೊಳ್ಳೋಣ. ಅದೇ ಕುಟುಂಬ ರಾತ್ರಿ ತಂಗಿದರೆ ಕೋಣೆಯ ಬಾಡಿಗೆ, ರಾತ್ರಿಯ ಊಟ, ಮರುದಿನದ ಉಪಾಹಾರ, ಅಷ್ಟೂರಿಗೆ ಹೋಗಿಬರುವ ಆಟೋ, ಬಿದರಿಯ ಒಂದು ಸಣ್ಣ ವಸ್ತು, ಮನೆಗೆ ಒಯ್ಯಲು ಎರಡು ಕಿಲೋ ತೊಗರಿಬೇಳೆ ಎಂದು ಸೇರಿಸುತ್ತಾ ಹೋದರೆ ಆರು ಸಾವಿರ ರೂಪಾಯಿಗೆ ಕಡಿಮೆಯಾಗಲಾರದು. ಅಂಕಿಗಳನ್ನು ಓದುಗರು ತಮ್ಮ ಅನುಭವಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು. ಆದರೆ ಅನುಪಾತ ಬಹಳ ಬದಲಾಗದು. ಬರುವವರ ಸಂಖ್ಯೆಯನ್ನು ಐದು ಪಟ್ಟು ಹೆಚ್ಚಿಸುವುದು ಸುಲಭವಲ್ಲ. ಬಂದವರಲ್ಲಿ ಕೆಲವರನ್ನಾದರೂ ಒಂದು ರಾತ್ರಿ ಉಳಿಸಿಕೊಳ್ಳುವುದು ಸಾಧ್ಯವಿರುವ ಕೆಲಸ.

ಈ ಹಣ ಕೇವಲ ವಸತಿಗೃಹದ ಮಾಲೀಕರ ಪೆಟ್ಟಿಗೆ ಸೇರುವುದಿಲ್ಲ ಎಂಬುದೂ ಗಮನಾರ್ಹ. ಕೋಣೆಯ ಚಾದರ ಒಗೆಯುವವರಿಗೆ, ಹಾಲಿನವರಿಗೆ, ತರಕಾರಿ ಮಂಡಿಗೆ, ಬೇಕರಿಗೆ, ಆಟೋ ಚಾಲಕನಿಗೆ, ಮುದ್ರಣಾಲಯಕ್ಕೆ ಅದು ಹಂಚಿಹೋಗುತ್ತದೆ. ಬೇಳೆ ಗಿರಣಿ ನಡೆಸುವವರು ಪ್ರವಾಸಿಗರಿಗೂ ತಮಗೂ ಏನು ಸಂಬಂಧವೆಂದು ಕೇಳಬಹುದು. ಬೀದರ್ ಜಿಲ್ಲೆಯ ತೊಗರಿ, ಉದ್ದು, ಹೆಸರು ಕ್ವಿಂಟಲ್ ಲೆಕ್ಕದಲ್ಲಿ ಹೊರಗೆ ಹೋಗುತ್ತವೆ. ಊರಿನ ಹೆಸರು ಮುದ್ರಿಸಿದ ಒಂದು ಕಿಲೋ ಚೀಲವಾಗಿ, ಕೋಟೆ ನೋಡಿ ಹೊರಟವನ ಕೈಗೆ ಅವು ಸಿಕ್ಕಾವೆ? ಸಿಗುವಂತೆ ಮಾಡಬೇಕಾದವರು ಗಿರಣಿಯವರೇ ಹೊರತು ಪ್ರವಾಸೋದ್ಯಮ ಇಲಾಖೆಯಲ್ಲ.

ಊಟದಲ್ಲಿ ಊರು ಕಾಣಬೇಕು

ಹೊರಗಿನಿಂದ ಬಂದವರು ಯಾವ ಊರಿನಲ್ಲಿಯೂ ಸಿಗುವ ಊಟವನ್ನೇ ಬೀದರಿನಲ್ಲಿಯೂ ಉಂಡು ಹೋಗುವಂತಾದರೆ ಅದು ನಮ್ಮ ಆತಿಥ್ಯದ ಕೊರತೆ. ಈ ನಗರದ ಅಡುಗೆಯ ಸಿರಿ ಸಾಮಾನ್ಯವಾದುದಲ್ಲ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ತುಪ್ಪ ಸುರಿದ ಹೋಳಿಗೆ ಒಂದು ಕಡೆ. ಎಳ್ಳಮಾವಾಸ್ಯೆಯಂದು ಹೊಲಗಳಲ್ಲಿ ಬಂಧುಬಳಗದೊಂದಿಗೆ ಉಣ್ಣುವ, ಹಲವು ಬಗೆಯ ಕಾಯಿಪಲ್ಯ ಮತ್ತು ಹಸಿ ಕಾಳುಗಳನ್ನು ಬೆರೆಸಿ ಮಾಡಿದ ಭಜ್ಜಿ, ಅದರೊಡನೆ ಅಂಬಲಿ, ಈ ಭಾಗದವರಲ್ಲದವರಿಗೆ ಹೆಸರೂ ಗೊತ್ತಿಲ್ಲದ ರುಚಿ. ಹೈದರಾಬಾದ್ ಸಂಸ್ಥಾನದ ಕಾಲದಿಂದ ಉಳಿದುಬಂದ ಬಿರಿಯಾನಿ, ನಹಾರಿ, ಪಾಯಾ, ಡಬಲ್ ಕಾ ಮೀಠಾಗಳು ಇನ್ನೊಂದು ಕಡೆ. ಗುರುದ್ವಾರದ ಲಂಗರಿನಲ್ಲಿ ಜಾತಿಮತ ಕೇಳದೆ ಬಡಿಸುವ ರೊಟ್ಟಿ, ದಾಲ್ ಮತ್ತೊಂದು ಕಡೆ. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುವ ಊರಿನಲ್ಲಿ ಊಟದ ತಟ್ಟೆಯೂ ಅಷ್ಟೇ ವೈವಿಧ್ಯವುಳ್ಳದ್ದು.

ಇಷ್ಟಿದ್ದರೂ ಹಳೆಯ ಪೇಟೆಯಲ್ಲಿ ಸಂಸಾರವಂದಿಗರು ಕುಳಿತು, ಈ ಊರಿನದೇ ಊಟವನ್ನು ನೆಮ್ಮದಿಯಿಂದ ಉಂಡು, ಕೈತೊಳೆದು, ಸ್ವಚ್ಛವಾದ ಶೌಚಾಲಯ ಬಳಸಿ ಹೊರಡಬಹುದಾದ ಸ್ಥಳಗಳು ಇನ್ನಷ್ಟು ಬೇಕು. ಇದಕ್ಕೆ ಕೋಟಿಗಳ ಬಂಡವಾಳ ಬೇಕಿಲ್ಲ. ಮನೆಗಳಲ್ಲಿ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು ಈ ಭಾಗದಲ್ಲಿ ಹೊಸತಲ್ಲ. ಅಂಥ ಒಂದು ಸಂಘಕ್ಕೆ ಹಳೆಯ ಮನೆಯೊಂದರ ಪಡಸಾಲೆ ಬಾಡಿಗೆಗೆ ದೊರೆತು, ಬೆಲೆಯ ಫಲಕ ಬಾಗಿಲಲ್ಲೇ ತೂಗುಹಾಕಿದ್ದರೆ ಅದೇ ಒಂದು ಒಳ್ಳೆಯ ಖಾನಾವಳಿಯಾಗುತ್ತದೆ. ಭಜ್ಜಿಯನ್ನು ಎಳ್ಳಮಾವಾಸ್ಯೆಯ ದಿನಕ್ಕೆ ಮಾತ್ರ ಮೀಸಲಿಡದೆ, ಅವರೆ, ಕಡಲೆ, ತೊಗರಿಯ ಹಸಿಕಾಳು ಸಿಗುವ ಚಳಿಗಾಲದ ವಾರಾಂತ್ಯಗಳಲ್ಲೆಲ್ಲ ಬಡಿಸಿದರೆ, ಅದಕ್ಕಾಗಿಯೇ ಹೈದರಾಬಾದಿನಿಂದ ಬರುವವರು ಹುಟ್ಟಿಕೊಂಡಾರು.

ಬಿದರಿ: ಮಾರಾಟಕ್ಕಿಂತ ಮೊದಲು ಪರಿಚಯ

ಊರಿನ ಹೆಸರನ್ನೇ ಹೊತ್ತ ಬಿದರಿ ಕಲೆಯ ವಿಷಯವನ್ನು ಸಣ್ಣ ಕೈಗಾರಿಕೋದ್ಯಮಿಗಳು ವಿಶೇಷ ಗಮನವಿಟ್ಟು ನೋಡಬೇಕು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯಗೊಳಿಸಿ, ಉಳಿಯಿಂದ ಚಿತ್ತಾರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಕಟ್ಟಡಗಳಲ್ಲಿ ಬಿಸಿಲು ಮಳೆ ತಾಗದ ಕಡೆಯಿಂದ ತಂದ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕುದಿಸಿ, ವಸ್ತುವನ್ನು ಅದರಲ್ಲಿ ಅದ್ದಿದಾಗ ಲೋಹವೆಲ್ಲ ಕಪ್ಪಾಗಿ, ಬೆಳ್ಳಿ ಮಾತ್ರ ಬಿಳಿಯಾಗಿ ಉಳಿಯುತ್ತದೆ. ಮಣ್ಣಿನ ಗುಣವನ್ನು ನಾಲಿಗೆಯ ಮೇಲಿಟ್ಟು ಪರೀಕ್ಷಿಸುವ ಕುಶಲಕರ್ಮಿಗಳು ಇಲ್ಲಿದ್ದಾರೆ. ಬಿದರಿಗೆ ಭೌಗೋಳಿಕ ಸೂಚಕದ ನೋಂದಣಿ ದೊರೆತಿದೆ. ಬೀದರಿನ ಕುಶಲಕರ್ಮಿ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಗೌರವ ಬಂದರೂ ಆದಾಯ ಬಂತೆ? ಬೆಳ್ಳಿಯ ಬೆಲೆ ಏರುತ್ತಾ ಬಂದಿರುವ ಈ ವರ್ಷಗಳಲ್ಲಿ ಸಣ್ಣ ಕುಶಲಕರ್ಮಿಗೆ ಕಚ್ಚಾವಸ್ತು ಕೊಳ್ಳಲು ದುಡಿಯುವ ಬಂಡವಾಳ ಸಾಲುವುದಿಲ್ಲ. ಕೈಸಾಲ ಮಾಡಿ ತಂದ ಬೆಳ್ಳಿಯ ವಸ್ತುವನ್ನು ಬೇಗ ಮಾರಬೇಕಾದ ಒತ್ತಡದಲ್ಲಿ, ಸಗಟು ಕೊಳ್ಳುವವನು ಹೇಳಿದ ಬೆಲೆಗೆ ಒಪ್ಪಬೇಕಾಗುತ್ತದೆ. ಬಿದರಿ ವಸ್ತುಗಳು ಹೈದರಾಬಾದಿನಲ್ಲಿಯೂ ತಯಾರಾಗುತ್ತವೆ, ದೊಡ್ಡ ನಗರಗಳ ಮಳಿಗೆಗಳಲ್ಲಿಯೂ ಸಿಗುತ್ತವೆ. ಹಾಗಿರುವಾಗ ಬೀದರಿನ ಅಂಗಡಿಯ ವಿಶೇಷವೇನು? ವಸ್ತು ತಯಾರಾಗುವುದನ್ನು ಕಣ್ಣಾರೆ ಕಾಣುವ ಅವಕಾಶವೇ ಆ ವಿಶೇಷ. ಕಪ್ಪು ದ್ರಾವಣದಿಂದ ತೆಗೆದ ಹೂದಾನಿಯ ಮೇಲೆ ಬೆಳ್ಳಿಯ ಬಳ್ಳಿ ಹೊಳೆಯುವುದನ್ನು ಒಮ್ಮೆ ನೋಡಿದವನು ಬೆಲೆಯ ಬಗ್ಗೆ ಚೌಕಾಸಿ ಮಾಡುವುದು ಕಡಿಮೆ. ಆದರೆ ಇದನ್ನು ನೋಡಲು ಹೊತ್ತು ಬೇಕು. ನಾಲ್ಕು ಗಂಟೆಗೆ ಊರು ಬಿಡುವವನಿಗೆ ಆ ಹೊತ್ತಿಲ್ಲ. ಹೀಗೆ ಬಿದರಿಯ ಭವಿಷ್ಯವೂ ಆ ಒಂದು ರಾತ್ರಿಯ ವಾಸ್ತವ್ಯದೊಂದಿಗೆ ಹೆಣೆದುಕೊಂಡಿದೆ.

ಮಾರುವವರೂ ಒಂದು ಶಿಸ್ತಿಗೆ ಒಳಪಡಬೇಕು. ಪ್ರತಿಯೊಂದು ವಸ್ತುವಿಗೂ ಒಂದು ಚೀಟಿ ಇರಲಿ. ಮಾಡಿದವರ ಹೆಸರು, ಬಳಸಿದ ಬೆಳ್ಳಿಯ ತೂಕ, ತಂತಿಯ ಕೆಲಸವೋ ತಗಡಿನ ಕೆಲಸವೋ ಎಂಬ ವಿವರ, ನಿಗದಿಯಾದ ಬೆಲೆ ಅದರಲ್ಲಿರಲಿ. ಗಿರಾಕಿಯ ಮುಖ ನೋಡಿ ಬೆಲೆ ಹೇಳುವ ಪದ್ಧತಿ ಒಂದು ದಿನದ ಲಾಭ ತಂದೀತು. ಆದರೆ ಮರುದಿನ ಇನ್ನೊಂದು ಅಂಗಡಿಯಲ್ಲಿ ಅದೇ ವಸ್ತುವನ್ನು ಅರ್ಧ ಬೆಲೆಗೆ ಕಂಡ ಗಿರಾಕಿ ಇಡೀ ಪೇಟೆಯನ್ನೇ ಶಂಕಿಸುತ್ತಾನೆ. ಗಿರಾಕಿಯನ್ನು ಕರೆತಂದವರಿಗೆ ಬೆಲೆಯಲ್ಲಿ ದೊಡ್ಡ ಪಾಲನ್ನು ಗುಟ್ಟಾಗಿ ನೀಡುವುದು ಯಾವ ಪ್ರವಾಸಿ ಪೇಟೆಗೂ ಒಳಿತು ಮಾಡಿಲ್ಲ. ಆ ಪಾಲು ಕೊನೆಗೆ ಕುಶಲಕರ್ಮಿಯ ಕೂಲಿಯಿಂದಲೇ ಕಡಿತವಾಗುತ್ತದೆ. ಇನ್ನು, ದೂರ ಪ್ರಯಾಣಕ್ಕೆ ತಡೆಯುವಂಥ ಗಟ್ಟಿ ಪೆಟ್ಟಿಗೆಯಿಲ್ಲದೆ ಕಾಗದದಲ್ಲಿ ಸುತ್ತಿಕೊಟ್ಟ ವಸ್ತುವನ್ನು ಉಡುಗೊರೆಯಾಗಿ ಕೊಡಲು ಯಾರೂ ಇಷ್ಟಪಡರು. ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕಗಳಿಗೆ ಇಲ್ಲಿ ಸಿದ್ಧ ಮಾರುಕಟ್ಟೆಯಿದೆ.

ನೂರು ಮೀಟರಿನ ಪ್ರಶ್ನೆ

ಹಳೆಯ ಪೇಟೆಯ ವರ್ತಕರ ಬಹುಕಾಲದ ಅಸಮಾಧಾನವೊಂದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರುಗಳವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರಾಚೆಯ 200 ಮೀಟರುಗಳಲ್ಲಿ ಅನುಮತಿ ಪಡೆದು ಕಟ್ಟಬೇಕು. ಸ್ಮಾರಕಗಳು ಒತ್ತೊತ್ತಾಗಿರುವ ಊರಿನಲ್ಲಿ ಈ ವೃತ್ತಗಳು ಒಂದರ ಮೇಲೊಂದು ಬಿದ್ದು, ತಲೆಮಾರುಗಳಿಂದ ಅಲ್ಲಿಯೇ ಬಾಳಿದವರಿಗೆ ಮನೆಯ ಮೇಲೊಂದು ಕೋಣೆ ಕಟ್ಟುವುದೂ ಕಷ್ಟವಾಗಿದೆ. ಅನುಮತಿಯ ಅರ್ಜಿಗಳು ತಡವಾಗುತ್ತವೆ ಎಂಬ ದೂರಿನಲ್ಲಿ ಹುರುಳಿದೆ. ಅವು ನಿಗದಿತ ಕಾಲದಲ್ಲಿ ಇತ್ಯರ್ಥವಾಗಬೇಕೆಂದು ಒತ್ತಾಯಿಸುವುದು ವಾಣಿಜ್ಯ ಸಂಸ್ಥೆಗಳ ಕರ್ತವ್ಯವೇ ಸರಿ.

ಆದರೆ ಕಾಯಿದೆಯನ್ನು ಬೈಯುತ್ತಾ ಕೂರುವುದರಿಂದ ವ್ಯಾಪಾರ ಬೆಳೆಯದು. 1992ರ ಜೂನ್ 16ಕ್ಕೆ ಮೊದಲಿನಿಂದ ಇರುವ ಕಟ್ಟಡಗಳನ್ನು, ನಿಷೇಧಿತ ವಲಯದಲ್ಲಿಯೂ, ಅನುಮತಿ ಪಡೆದು ದುರಸ್ತಿ ಮತ್ತು ನವೀಕರಣ ಮಾಡಿಕೊಳ್ಳಲು ಅದೇ ಕಾಯಿದೆಯಲ್ಲಿ ಅವಕಾಶವಿದೆ. ಮೂರಂತಸ್ತಿನ ಹೊಸ ವಾಣಿಜ್ಯ ಸಂಕೀರ್ಣವನ್ನು ಅಲ್ಲಿ ಕಟ್ಟಲಾಗದು. ಆದರೆ ದಪ್ಪ ಗೋಡೆಯ, ಒಳಾಂಗಳದ, ಕಟ್ಟಿಗೆಯ ಕಂಬಗಳ ಹಳೆಯ ಮನೆಯನ್ನು ದುರಸ್ತಿಪಡಿಸಿ ನಾಲ್ಕೈದು ಕೋಣೆಗಳ ತಂಗುದಾಣವಾಗಿ, ಖಾನಾವಳಿಯಾಗಿ, ಬಿದರಿಯ ಕಾರ್ಯಾಗಾರವಾಗಿ ಬಳಸಲು ಯೋಚಿಸಬಹುದು. ರಾಜಸ್ಥಾನದ ಹವೇಲಿಗಳು, ಪುದುಚೇರಿ ಹಾಗೂ ಕೊಚ್ಚಿಯ ಹಳೆಯ ಮನೆಗಳು ಇದನ್ನೇ ಮಾಡಿ ತೋರಿಸಿವೆ. ಹಳೆಯ ಮನೆ ಕೆಡವಿದರಷ್ಟೇ ಆಸ್ತಿ ಎಂಬ ಭಾವನೆಯೇ ಈ ಪೇಟೆಯ ಬಹುದೊಡ್ಡ ನಷ್ಟಕ್ಕೆ ಕಾರಣವಾಗುತ್ತಿದೆ. ಒಮ್ಮೆ ಕೆಡವಿದ ಮನೆಯನ್ನು ಯಾವ ಬಂಡವಾಳದಿಂದಲೂ ಮರಳಿ ಕೊಳ್ಳಲಾಗದು.

ಆರ್ಥಿಕ ಸನ್ನಿವೇಶವೂ ಪ್ರತಿಕೂಲವಾಗಿಲ್ಲ. ದಿನಕ್ಕೆ 7,500 ರೂಪಾಯಿಗಳವರೆಗಿನ ವಸತಿ ಕೋಣೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಆದರೆ ಹೂಡುವಳಿ ತೆರಿಗೆಯ ಜಮೆ ಇದರಲ್ಲಿ ದೊರೆಯದು. ಆದ್ದರಿಂದ ದುರಸ್ತಿಯ ಖರ್ಚಿನ ಲೆಕ್ಕ ಹಾಕುವಾಗ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಒಳಿತು. ರಾಜ್ಯದ 2024-29ರ ಪ್ರವಾಸೋದ್ಯಮ ನೀತಿಯ ಸಹಾಯಧನಗಳ ವಿವರವನ್ನು ಸಣ್ಣ ಹೂಡಿಕೆದಾರರಿಗೆ ಸರಳ ಕನ್ನಡದಲ್ಲಿ ತಿಳಿಸಿಕೊಡುವ ಕೆಲಸವನ್ನು ವಾಣಿಜ್ಯ ಸಂಸ್ಥೆಗಳು ಕೈಗೆತ್ತಿಕೊಳ್ಳಬೇಕು.

ಉತ್ಸವಕ್ಕಿಂತ ನಿತ್ಯದ ಏರ್ಪಾಡು

2023ರ ಜನವರಿಯಲ್ಲಿ ಬೀದರ್ ಉತ್ಸವ ವಿಜೃಂಭಣೆಯಿಂದ ನಡೆಯಿತು. ಉತ್ಸವಗಳು ಬೇಡವೆಂದಲ್ಲ. ಆದರೆ ಮೂರು ದಿನಗಳ ದೀಪಾಲಂಕಾರದಿಂದ ವರ್ಷದ ಉಳಿದ ದಿನಗಳ ಕತ್ತಲೆ ಹೋಗದು. ವರ್ತಕರು ತಾವೇ ಮಾಡಬಹುದಾದ ಕೆಲವು ಸಣ್ಣ ಏರ್ಪಾಡುಗಳನ್ನು ಇಲ್ಲಿ ಸೂಚಿಸಬಹುದು.

ಮೊದಲನೆಯದು, ಎರಡು ದಿನಗಳ ಒಂದು ಕ್ರಮವನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ ಪ್ರತಿಯೊಂದು ಅಂಗಡಿ, ಖಾನಾವಳಿ, ಪೆಟ್ರೋಲ್ ಬಂಕ್, ರೈಲು ನಿಲ್ದಾಣದಲ್ಲಿ ಇಡುವುದು. ಮೊದಲ ದಿನ ಮಧ್ಯಾಹ್ನ ಮದರಸಾ ಮತ್ತು ಬಿದರಿ ಕಾರ್ಯಾಗಾರಗಳು, ಸಂಜೆ ಬರೀದ್ ಷಾಹಿ ಉದ್ಯಾನ, ರಾತ್ರಿ ಹಳೆಯ ಪೇಟೆಯ ಊಟ. ಮರುದಿನ ಬೆಳಗಿನ ತಂಪಿನಲ್ಲಿ ಕೋಟೆ, ಬಳಿಕ ಅಷ್ಟೂರು, ಗುರುದ್ವಾರ. ಇನ್ನೂ ಹೊತ್ತಿರುವವರಿಗೆ 12ನೆಯ ಶತಮಾನದ ಶರಣರ ಕರ್ಮಭೂಮಿಯಾದ ಬಸವಕಲ್ಯಾಣ ಸುಮಾರು 80 ಕಿಲೋಮೀಟರ್ ದೂರದಲ್ಲಿದೆ. ಈ ಹಾಳೆ ಕನ್ನಡ, ಇಂಗ್ಲಿಷ್, ಹಿಂದಿ, ತೆಲುಗುಗಳಲ್ಲಿರಲಿ. ಗುರುದ್ವಾರಕ್ಕಾಗಿ ಪಂಜಾಬಿಯಲ್ಲಿಯೂ ಇರಲಿ. ನಾಂದೇಡಿನ ಹುಜೂರ್ ಸಾಹಿಬಿನ ದರ್ಶನ ಮಾಡಿ ಬೀದರಿಗೆ ಬರುವ ಯಾತ್ರಿಕರಿಗೆ ವಸತಿ, ಊಟ ಎಲ್ಲವೂ ಗುರುದ್ವಾರದ ಆವರಣದಲ್ಲಿಯೇ ದೊರೆಯುತ್ತವೆ. ಪೇಟೆಯ ದಾರಿ ತೋರಿಸುವವರಿಲ್ಲದೆ ಅವರಲ್ಲಿ ಅನೇಕರು ಊರನ್ನು ನೋಡದೆಯೇ ಹೋಗುತ್ತಾರೆ.

ಎರಡನೆಯದು, ಭಾನುವಾರದ ರಜೆಯ ಪ್ರಶ್ನೆ. ಅತಿಥಿಗಳು ಹೆಚ್ಚಾಗಿ ಬರುವ ದಿನವೇ ಬಾಗಿಲು ಮುಚ್ಚುವ ಅಂಗಡಿಗಳು, ಕೋಟೆಯ ದಾರಿಯಲ್ಲಿರುವವಾದರೂ, ವಾರದ ರಜೆಯನ್ನು ಬೇರೆ ದಿನಕ್ಕೆ ಬದಲಿಸಿಕೊಳ್ಳಬಹುದು. ಕೆಲಸಗಾರರ ರಜೆಗೆ ಕುಂದು ಬರಬಾರದು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲ.

ಮೂರನೆಯದು, ಶೌಚಾಲಯ ಮತ್ತು ಬೀದಿಯ ಸ್ವಚ್ಛತೆ. ಹೆಣ್ಣುಮಕ್ಕಳು, ವೃದ್ಧರು ಊರಿನಲ್ಲಿ ಹೆಚ್ಚು ಹೊತ್ತು ನಿಲ್ಲದಿರಲು ಇದಕ್ಕಿಂತ ದೊಡ್ಡ ಕಾರಣ ಬೇರೊಂದಿಲ್ಲ. ನಗರಾಡಳಿತ ಸ್ಥಳ ಕೊಟ್ಟರೆ, ಒಂದೊಂದು ಬೀದಿಯ ವರ್ತಕರು ಸೇರಿ ನಿರ್ವಹಣೆಯ ವೆಚ್ಚ ಹೊತ್ತು ಒಂದೊಂದು ಶೌಚಾಲಯ ನಡೆಸುವುದು ಅಸಾಧ್ಯವಲ್ಲ. ಚೌಬಾರಾದಿಂದ ಕೋಟೆಯವರೆಗಿನ ಬೀದಿಯಲ್ಲಿ ವಾರಾಂತ್ಯದ ಸಂಜೆಗಳಲ್ಲಿ ವಾಹನ ಸಂಚಾರವನ್ನು ನಿಯಂತ್ರಿಸಿ, ನಡೆದಾಡುವವರಿಗೆ ಅನುವು ಮಾಡಿಕೊಡುವುದನ್ನೂ ಆಡಳಿತದೊಡನೆ ಚರ್ಚಿಸಬಹುದು.

ಪ್ರವಾಸಿಗರು ಹೆಚ್ಚಿದರೆ ಬಾಡಿಗೆಗಳು ಏರಿ, ಹಳೆಯ ನಿವಾಸಿಗಳೇ ಪೇಟೆ ಬಿಡಬೇಕಾದೀತು ಎಂಬ ಆತಂಕವನ್ನು ಕೆಲವರು ವ್ಯಕ್ತಪಡಿಸುತ್ತಾರೆ. ಇದನ್ನು ಹಗುರವಾಗಿ ಕಾಣುವಂತಿಲ್ಲ. ಹೊರಗಿನ ಬಂಡವಾಳದಾರರು ಬಂದು ಇಡೀ ಬೀದಿಯನ್ನು ಕೊಂಡರೆ ಊರಿನವರಿಗೆ ಉಳಿಯುವುದು ಕೂಲಿ ಮಾತ್ರ. ಅದನ್ನು ತಡೆಯುವ ದಾರಿಯೆಂದರೆ ಊರಿನವರೇ, ತಮ್ಮ ತಮ್ಮ ಮನೆಗಳಲ್ಲಿ, ಸಣ್ಣ ಪ್ರಮಾಣದಲ್ಲಿ, ಮೊದಲೇ ಈ ಕೆಲಸಕ್ಕೆ ತೊಡಗುವುದು. ನಾವು ಕೈಕಟ್ಟಿ ಕುಳಿತರೆ ಬೇರೆಯವರು ಮಾಡುತ್ತಾರೆ. ಯಾರೂ ಮಾಡದಿದ್ದರೆ ಹಳೆಯ ಪೇಟೆ ಮೆಲ್ಲಮೆಲ್ಲನೆ ಗೋದಾಮುಗಳ, ವಾಹನ ನಿಲುಗಡೆಯ ತಾಣವಾಗುತ್ತದೆ. ಬಿದರಿಯ ಉಳಿ ಹಿಡಿದವರ ಮಕ್ಕಳು ಬೇರೆ ಊರುಗಳಲ್ಲಿ ಬೇರೆ ಉದ್ಯೋಗ ಅರಸುತ್ತಾರೆ. ಕೋಟೆ ಮಾತ್ರ ಉಳಿದು ಅದರ ಮುಂದಿನ ಊರು ಅಳಿದರೆ, ನೋಡಲು ಬಂದವರಿಗೆ ಉಳಿಯುವ ಕಾರಣ ಶಾಶ್ವತವಾಗಿ ಇಲ್ಲವಾಗುತ್ತದೆ.

2011ರ ಜನಗಣತಿಯಂತೆ ಎರಡು ಲಕ್ಷಕ್ಕೆ ತುಸು ಮೀರಿದ ಜನಸಂಖ್ಯೆಯಿದ್ದ ಈ ನಗರ ದೊಡ್ಡ ಕಾರ್ಖಾನೆಗಳ ಭರವಸೆಗಾಗಿ ದಶಕಗಳಿಂದ ಕಾದಿದೆ. ಆ ಪ್ರಯತ್ನ ಮುಂದುವರಿಯಲಿ. ಆದರೆ ಕೈಯಲ್ಲಿರುವ ಬಂಡವಾಳವನ್ನು ಬಳಸದೆ ಬರಲಿರುವ ಬಂಡವಾಳಕ್ಕೆ ಕಾಯುವುದು ವರ್ತಕ ಧರ್ಮವಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಬೀದರಿನ ವಿಷಯದಲ್ಲಿ ಸುಳ್ಳಾಗಿಸಬೇಕಾದವರು ನಾವೇ. ಮುಂಬರುವ ಚಳಿಗಾಲದ ಹೊತ್ತಿಗೆ ಹಳೆಯ ಪೇಟೆಯ ಹತ್ತು ಮಂದಿ ವರ್ತಕರು, ಐದು ಮಂದಿ ಕುಶಲಕರ್ಮಿಗಳು, ಒಂದೆರಡು ಖಾನಾವಳಿಗಳು ಒಂದು ಒಪ್ಪಂದಕ್ಕೆ ಬಂದು, ನಿಗದಿತ ಬೆಲೆ, ಸ್ವಚ್ಛ ಸ್ಥಳ, ಭಾನುವಾರದ ತೆರೆದ ಬಾಗಿಲು ಎಂಬ ಮೂರು ನಿಯಮಗಳನ್ನು ಪಾಲಿಸಿದರೂ ಸಾಕು, ಕೆಲಸ ಆರಂಭವಾದಂತೆ. ಬೀದರಿನ ಸದಸ್ಯ ಬಂಧುಗಳು ಮೊದಲ ಸಭೆಯನ್ನು ಬೇಗನೆ ಕರೆಯಲಿ. ಸ್ಮಾರಕಗಳಿರುವ ಇತರ ಸಣ್ಣ ನಗರಗಳ ವರ್ತಕರೂ ತಮ್ಮ ತಮ್ಮ ಊರಿನ ಲೆಕ್ಕವನ್ನು ಇದೇ ರೀತಿ ಹಾಕಿ ನೋಡಲಿ ಎಂಬುದು ನಮ್ಮ ಆಶಯ.